ಮುಪ್ಪಿನಲ್ಲಿ ರಕ್ತಹೀನತೆ

ಮನೆಯ ಹಿರಿಯರೊಬ್ಬರು ಬೆಳಗಿನ ಸಂಚಾರವನ್ನು ಬಿಡುತ್ತಾರೆ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು ಉಸಿರು ಕೂಡಿಸಿಕೊಳ್ಳುತ್ತಾರೆ. ಮಧ್ಯಾಹ್ನದ ನಿದ್ರೆ ಸಂಜೆಯವರೆಗೂ ಬೆಳೆಯುತ್ತದೆ. ಪತ್ರಿಕೆ ಕೈಯಲ್ಲಿರುತ್ತದೆ, ಓದು ಸಾಗುವುದಿಲ್ಲ. ಕಾರಣವೇನೆಂದು ಕೇಳಿದರೆ ಮನೆಯವರೆಲ್ಲರೂ, ಆ ಹಿರಿಯರೂ ಸಹ, ಒಂದೇ ಉತ್ತರವನ್ನು ಹೇಳುತ್ತಾರೆ: "ವಯಸ್ಸಾಯಿತಲ್ಲ!" ಈ ಉತ್ತರದಲ್ಲಿ ಗೌರವವುಂಟು, ಸಮಾಧಾನವೂ ಉಂಟು, ಆದರೆ ಎಷ್ಟೋ ಸಂದರ್ಭಗಳಲ್ಲಿ ಸತ್ಯವಿರುವುದಿಲ್ಲ. ಹೀಗೆ ವಯಸ್ಸಿನ ಲೆಕ್ಕಕ್ಕೆ ಬರೆದ ಬಳಲಿಕೆಯಲ್ಲಿ ಒಂದು ಪಾಲು ರಕ್ತಹೀನತೆಯಿಂದ ಬಂದುದು. ಆ ರಕ್ತಹೀನತೆಯ ಹಿಂದೆ ಬೇರೊಂದು ರೋಗ ಅಡಗಿರುವುದುಂಟು. ಈ ಭಾಷಣದಲ್ಲಿ ನಾನು ನಿರೂಪಿಸಬೇಕೆಂದಿರುವುದು ಇಷ್ಟೆ: ಮುಪ್ಪಿನಲ್ಲಿ ರಕ್ತ ಕಡಮೆಯಾಗಿದೆಯೆಂದು ತಿಳಿದಾಗ ವಿಚಾರವು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಮೊದಲಾಗುತ್ತದೆ.

ಮನುಷ್ಯನ ಮೈ ಬಿಳಿಚಿಕೊಳ್ಳುವುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲರು. ಅವರು ಅದನ್ನು ಪಾಂಡುರೋಗವೆಂದು ಕರೆದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಅಲ್ಲಿ ಕಬ್ಬಿಣದಿಂದ ಸಿದ್ಧಪಡಿಸಿದ ಔಷಧಗಳ ಪ್ರಯೋಗವನ್ನೂ ಹೇಳಿದೆ. ಬಿಳುಪಿಗೂ ಕಬ್ಬಿಣಕ್ಕೂ ಸಂಬಂಧವಿದೆಯೆಂಬುದನ್ನು ಅನುಭವದಿಂದ ಕಂಡುಕೊಂಡದ್ದು ದೊಡ್ಡ ಮಾತೇ ಸರಿ. ಆ ಸಂಬಂಧವು ಎಂಥದೆಂಬುದನ್ನು ಈಗಿನ ಶಾಸ್ತ್ರವು ಬಿಡಿಸಿ ತೋರಿಸಿದೆ.

ನಮ್ಮ ಶರೀರದಲ್ಲಿ ಸುಮಾರು ೨೫ ಲಕ್ಷ ಕೋಟಿ ಕೆಂಪು ರಕ್ತಕಣಗಳಿವೆ. ಒಂದೊಂದು ಕಣದ ಆಯುಸ್ಸು ಸುಮಾರು ೧೨೦ ದಿನ. ಆಯುಸ್ಸು ಮುಗಿದ ಕಣಗಳ ಸ್ಥಾನವನ್ನು ತುಂಬುವುದಕ್ಕಾಗಿ ಮೂಳೆಗಳ ಒಳಗಿರುವ ಮಜ್ಜೆಯು ಒಂದು ಸೆಕೆಂಡಿಗೆ ಹೆಚ್ಚುಕಡಮೆ ೨೦ ಲಕ್ಷ ಹೊಸ ಕಣಗಳನ್ನು ಹೊರಗೆ ಬಿಡುತ್ತಿರಬೇಕು. ಕಣದೊಳಗೆ ತುಂಬಿರುವ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರು. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೂ ಮುಟ್ಟಿಸುವುದು ಇದರ ಕೆಲಸ. ಈ ವಸ್ತುವಿನ ನಡುವೆ ಕಬ್ಬಿಣವಿದೆ. ಇಡೀ ಶರೀರದಲ್ಲಿರುವ ಕಬ್ಬಿಣವೆಲ್ಲ ಸೇರಿ ೩ ರಿಂದ ೪ ಗ್ರಾಂ, ಎಂದರೆ ಒಂದು ಸಣ್ಣ ಮೊಳೆಯಷ್ಟು. ದಿನವೂ ಆಹಾರದಿಂದ ಒಳಗೆ ಸೇರುವುದು ೧ ರಿಂದ ೨ ಮಿಲಿಗ್ರಾಂ ಮಾತ್ರ. ಆದರೆ ಮಜ್ಜೆಗೆ ದಿನಕ್ಕೆ ೨೦ ರಿಂದ ೨೫ ಮಿಲಿಗ್ರಾಂ ಬೇಕು. ಉಳಿದುದು ಎಲ್ಲಿಂದ ಬರುತ್ತದೆ? ಸತ್ತ ರಕ್ತಕಣಗಳನ್ನು ಪ್ಲೀಹ ಮೊದಲಾದ ಕಡೆಗಳಲ್ಲಿ ಒಡೆದು, ಅವುಗಳ ಕಬ್ಬಿಣವನ್ನು ತೆಗೆದು, ಶರೀರವು ಮತ್ತೆ ಬಳಕೆಗೆ ತರುತ್ತದೆ. ಮಿತವ್ಯಯದ ಗೃಹಿಣಿಯು ಸಂಸಾರ ತೂಗಿಸುವಂತೆ, ಹೊಸ ಆದಾಯ ಅಲ್ಪವಾಗಿದ್ದರೂ ಹಳೆಯದನ್ನು ಪೋಲುಮಾಡದೆ ಈ ವ್ಯವಹಾರ ನಡೆಯುತ್ತದೆ. ಈ ಲೆಕ್ಕವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ರಕ್ತಹೀನತೆಯೆಂದು ಹೇಳುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯು ೧೯೬೮ರಲ್ಲಿ ಒಂದು ಗಡಿಯನ್ನು ಪ್ರಕಟಿಸಿತು. ೧೦೦ ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಪುರುಷರಿಗೆ ೧೩ ಗ್ರಾಂಗಿಂತಲೂ, ಗರ್ಭಿಣಿಯರಲ್ಲದ ಸ್ತ್ರೀಯರಿಗೆ ೧೨ ಗ್ರಾಂಗಿಂತಲೂ ಕಡಮೆಯಾದರೆ ಅದು ರಕ್ತಹೀನತೆ. ೨೦೨೪ರಲ್ಲಿ ಆ ಸಂಸ್ಥೆಯು ತನ್ನ ಸೂಚನೆಗಳನ್ನು ಪರಿಷ್ಕರಿಸಿದಾಗಲೂ ವಯಸ್ಕರ ಈ ಗಡಿಗಳನ್ನು ಹಾಗೆಯೇ ಉಳಿಸಿಕೊಂಡಿತು. ಮುದುಕರಿಗೆಂದು ಬೇರೆ ಗಡಿಯನ್ನು ಹಾಕಲಿಲ್ಲವೆಂಬುದನ್ನು ಗಮನಿಸಬೇಕು.

ಇದು ವೃದ್ಧರಲ್ಲಿ ಎಷ್ಟು ಮಂದಿಗಿದೆಯೆಂಬುದಕ್ಕೆ ಅಮೆರಿಕದ ಒಂದು ಗಣನೆ ಪ್ರಸಿದ್ಧವಾಗಿದೆ. ಅಲ್ಲಿ ೧೯೮೮ ರಿಂದ ೧೯೯೪ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ೨೦೦೪ರಲ್ಲಿ ವಿಂಗಡಿಸಿ ನೋಡಿದಾಗ, ೬೫ ವರ್ಷ ದಾಟಿದವರಲ್ಲಿ ಪುರುಷರಲ್ಲಿ ನೂರಕ್ಕೆ ೧೧, ಸ್ತ್ರೀಯರಲ್ಲಿ ನೂರಕ್ಕೆ ೧೦ ಮಂದಿಗೆ ರಕ್ತಹೀನತೆಯಿತ್ತು. ೮೫ ದಾಟಿದವರಲ್ಲಿ ಇದು ನೂರಕ್ಕೆ ೨೦ನ್ನು ಮೀರಿತ್ತು. ಕಾರಣವನ್ನು ವಿಚಾರಿಸಿದಾಗ ಹೆಚ್ಚುಕಡಮೆ ಮೂರು ಸಮಪಾಲಾಯಿತು. ಒಂದು ಪಾಲಿಗೆ ಕಬ್ಬಿಣ ಮೊದಲಾದ ಪೋಷಕ ವಸ್ತುಗಳ ಕೊರತೆ. ಒಂದು ಪಾಲಿಗೆ ದೀರ್ಘಕಾಲದ ಉರಿಯೂತ ಅಥವಾ ಮೂತ್ರಪಿಂಡದ ರೋಗ. ಉಳಿದ ಪಾಲಿಗೆ ಆ ಸಮೀಕ್ಷೆಯ ಪರೀಕ್ಷೆಗಳಿಂದ ಕಾರಣ ತಿಳಿಯಲಿಲ್ಲ. ನಮ್ಮ ದೇಶದಲ್ಲಿ ೨೦೧೯ ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೧೫ ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದೆಯೆಂದು ತಿಳಿಸಿತು. ತಾಯಂದಿರ ವಿಷಯದಲ್ಲಿ ಇಷ್ಟು ಕಾಳಜಿ ಅವಶ್ಯವೇ. ಆದರೆ ಆ ಗಣನೆಯು ೪೯ಕ್ಕೆ ನಿಂತುಬಿಟ್ಟಿತು; ಅಜ್ಜಿಯರು ಅದರ ಹೊರಗೆ ಉಳಿದರು. ಯಾರನ್ನು ಎಣಿಸುವುದಿಲ್ಲವೋ ಅವರ ಬಳಲಿಕೆಯು ಸುಲಭವಾಗಿ ವಯಸ್ಸಿನ ಖಾತೆಗೆ ಸೇರಿಹೋಗುತ್ತದೆ.

ಈಗ ಮೂರು ಪಾಲುಗಳನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಕಬ್ಬಿಣದ ಕೊರತೆ. ಮಕ್ಕಳಲ್ಲಿಯೂ ಹರೆಯದ ಸ್ತ್ರೀಯರಲ್ಲಿಯೂ ಇದಕ್ಕೆ ಬೆಳವಣಿಗೆ, ಮುಟ್ಟು, ಬಸಿರು, ಊಟದ ಅಭಾವ ಎಂಬ ಕಾರಣಗಳನ್ನು ಹೇಳಬಹುದು. ಮುಟ್ಟು ನಿಂತ ಸ್ತ್ರೀಗೆ ಅಥವಾ ವೃದ್ಧ ಪುರುಷನಿಗೆ ಈ ಕೊರತೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ರಕ್ತವು ಎಲ್ಲಿಯಾದರೂ ಸೋರಿಹೋಗುತ್ತಿದೆಯೆ ಎಂಬುದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಒಂದು ಟೀ ಚಮಚೆಯಷ್ಟು, ಎಂದರೆ ೫ ಮಿಲಿಲೀಟರ್ ರಕ್ತ ದಿನವೂ ಕರುಳಿಗೆ ಸೋರಿದರೆ ಎರಡೂವರೆ ಮಿಲಿಗ್ರಾಂ ಹೋದಂತಾಯಿತು. ಒಳಗೆ ಬರುವುದು ಒಂದೆರಡು ಮಿಲಿಗ್ರಾಂ ಮಾತ್ರವೆಂದು ಮೇಲೆ ಹೇಳಿದೆಯಷ್ಟೆ. ಹಾಗಾದರೆ ಖರ್ಚು ಆದಾಯವನ್ನು ಮೀರಿತು. ಇಷ್ಟು ಸ್ವಲ್ಪ ರಕ್ತವು ಮಲದಲ್ಲಿ ಬೆರೆತರೆ ಕಣ್ಣಿಗೆ ಕಾಣುವುದೂ ಇಲ್ಲ. ಕೂಡಿಟ್ಟ ಕಬ್ಬಿಣವು ತಿಂಗಳುಗಟ್ಟಲೆ ಕರಗುತ್ತ ಬರುತ್ತದೆ. ಆಮೇಲೆ ಮುಖ ಬಿಳಿಚುತ್ತದೆ.

ಸೋರಿಕೆಗೆ ಕಾರಣಗಳು ಹಲವು. ಕೀಲುನೋವಿಗೆಂದು ವರ್ಷಾನುಗಟ್ಟಲೆ ನುಂಗುವ ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕೊರೆಯುತ್ತವೆ. ಹೃದಯದ ರಕ್ಷಣೆಗಾಗಿ ಕೊಡುವ ಆಸ್ಪಿರಿನ್ ಸಹ ರಕ್ತಸ್ರಾವಕ್ಕೆ ದಾರಿಮಾಡಬಹುದು. ಜಠರದ ಹುಣ್ಣು, ಮೂಲವ್ಯಾಧಿ, ಕರುಳಿನ ಸಣ್ಣ ರಕ್ತನಾಳಗಳ ದೋಷ ಇವೂ ಉಂಟು. ಎಲ್ಲಕ್ಕಿಂತ ಮುಖ್ಯವಾದುದು ದೊಡ್ಡ ಕರುಳಿನ ಕ್ಯಾನ್ಸರ್. ಅದು ಕರುಳಿನ ಬಲಭಾಗದಲ್ಲಿ ಹುಟ್ಟಿದರೆ ನೋವನ್ನಾಗಲಿ ಮಲಬದ್ಧತೆಯನ್ನಾಗಲಿ ಉಂಟುಮಾಡದೆ ಬಹುಕಾಲ ಬೆಳೆಯಬಲ್ಲುದು. ರಕ್ತಹೀನತೆಯೊಂದೇ ಅದರ ಮೊದಲ ಸುಳಿವಾಗಿರುವುದುಂಟು. ಇಂಥ ಸಮಯದಲ್ಲಿ ಅಂಗಡಿಯಿಂದ ಒಂದು ಬಾಟಲಿ ಟಾನಿಕ್ ತಂದು ಕುಡಿಸಿದರೆ ಏನಾಗುತ್ತದೆ? ರಕ್ತ ಸ್ವಲ್ಪ ಏರುತ್ತದೆ, ಮುಖಕ್ಕೆ ಬಣ್ಣ ಬರುತ್ತದೆ, ಮನೆಯವರಿಗೆ ನೆಮ್ಮದಿಯಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ಗಂಟಿಗೆ ಆರು ತಿಂಗಳ ಅವಕಾಶ ಸಿಕ್ಕಿದಂತಾಗುತ್ತದೆ. ಅದಕ್ಕಾಗಿಯೇ ವೈದ್ಯರು ಈ ವಯಸ್ಸಿನವರಲ್ಲಿ ಕಬ್ಬಿಣದ ಕೊರತೆಯನ್ನು ಕಂಡರೆ ಜಠರವನ್ನೂ ದೊಡ್ಡ ಕರುಳನ್ನೂ ನಳಿಕೆಯ ಮೂಲಕ ನೋಡಬೇಕೆಂದು ಹೇಳುವುದು. ಆ ಮಾತನ್ನು ಅನಾವಶ್ಯಕ ಖರ್ಚೆಂದು ತಳ್ಳಿಹಾಕಬಾರದು.

ಕೊರತೆಯ ಪಾಲಿನಲ್ಲಿಯೇ ಎರಡು ವಿಟಮಿನ್‌ಗಳ ಕಥೆಯೂ ಸೇರಿದೆ. ೧೯೨೬ಕ್ಕೆ ಮುಂಚೆ ಪರ್ನಿಶಿಯಸ್ ಅನೀಮಿಯ ಎಂಬ ರಕ್ತಹೀನತೆಯು ನಡುವಯಸ್ಸು ದಾಟಿದವರನ್ನು ಹಿಡಿದರೆ ಮರಣವೇ ಅದರ ಕೊನೆಯಾಗಿತ್ತು. ಆ ವರ್ಷ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ರೋಗಿಗಳಿಗೆ ದಿನವೂ ಹೇರಳವಾಗಿ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಬದುಕಿಸಿದರು. ೧೯೩೪ರಲ್ಲಿ ವಿಪ್ಪಲ್ ಅವರೊಡನೆ ಇವರಿಗೆ ನೊಬೆಲ್ ಪಾರಿತೋಷಕ ಬಂದಿತು. ಯಕೃತ್ತಿನಲ್ಲಿದ್ದ ಆ ಜೀವದಾಯಕ ವಸ್ತುವನ್ನು ೧೯೪೮ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ಬಿ-೧೨. ಇನ್ನೊಂದು ವಿಟಮಿನ್ನಿನ ಕಥೆ ನಮ್ಮ ದೇಶದಲ್ಲಿಯೇ ಆರಂಭವಾಯಿತು. ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ವೈದ್ಯೆ ೧೯೨೮ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಆಹಾರದಿಂದ ಅದು ಗುಣವಾಗುವುದನ್ನು ಕಂಡರು. ೧೯೩೧ರಲ್ಲಿ ಆ ಸಂಗತಿಯನ್ನು ಪ್ರಕಟಿಸಿದರು. ಅದರೊಳಗಿದ್ದ ವಸ್ತುವನ್ನೇ ೧೯೪೧ರಲ್ಲಿ ಪಾಲಕದ ಸೊಪ್ಪಿನಿಂದ ತೆಗೆದು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು.

ಬಿ-೧೨ ಸೊಪ್ಪು, ಕಾಳು, ಧಾನ್ಯಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಶಾಕಾಹಾರಿಗಳಿಗೆ ಹಾಲು ಮೊಸರೇ ಆಧಾರ. ಮುಪ್ಪಿನಲ್ಲಿ ಅದನ್ನೂ ಕಡಮೆಮಾಡಿದರೆ, ಜಠರದ ಆಮ್ಲವೂ ಕುಂದಿದರೆ, ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟಿದ್ದ ಸಂಗ್ರಹ ಮೆಲ್ಲಗೆ ಬರಿದಾಗುತ್ತದೆ. ಮಧುಮೇಹಕ್ಕೆ ಬಹುಕಾಲ ಸೇವಿಸುವ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆಂದು ನಿತ್ಯವೂ ನುಂಗುವ ಆಮ್ಲನಿರೋಧಕ ಮಾತ್ರೆ, ಇವೆರಡೂ ಈ ಕೊರತೆಯನ್ನು ಹೆಚ್ಚಿಸಬಲ್ಲವು. ಅಂಗಾಲು ಉರಿ, ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಇವು ಅದರ ಲಕ್ಷಣಗಳು. ನಾವು ಇವನ್ನು ಸಹ ವಯಸ್ಸಿಗೇ ಸೇರಿಸುತ್ತೇವೆ. ಇಲ್ಲಿ ಒಂದು ಅಪಾಯವನ್ನು ವಿಶೇಷವಾಗಿ ಹೇಳಬೇಕು. ಬಿ-೧೨ ಕೊರತೆಯಿರುವವರಿಗೆ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತವು ಸುಧಾರಿಸುತ್ತದೆ, ಆದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಹಾನಿಯು ಬಹುದಿನ ಸಾಗಿದರೆ ಆಮೇಲೆ ಚುಚ್ಚುಮದ್ದು ಕೊಟ್ಟರೂ ಪೂರ್ತಿಯಾಗಿ ಸರಿಹೋಗದೆ ಇರಬಹುದು. ಏನು ಕೊರತೆಯೆಂದು ತಿಳಿಯದೆ ತುಂಬಹೊರಟರೆ ಹೀಗಾಗುತ್ತದೆ.

ಎರಡನೆಯ ಪಾಲು ದೀರ್ಘರೋಗಗಳ ರಕ್ತಹೀನತೆ. ಸಂಧಿವಾತ, ಕ್ಷಯ, ಮಾಯದ ಹುಣ್ಣು, ಕ್ಯಾನ್ಸರ್, ಹೃದಯದ ದೌರ್ಬಲ್ಯ ಮೊದಲಾದವುಗಳಲ್ಲಿ ರಕ್ತವು ಇಳಿಯುತ್ತದೆ. ಕಬ್ಬಿಣದ ಮಾತ್ರೆ ಕೊಟ್ಟರೂ ಏರುವುದಿಲ್ಲ. ಪರೀಕ್ಷಿಸಿದರೆ ಶರೀರದಲ್ಲಿ ಕಬ್ಬಿಣದ ಸಂಗ್ರಹ ಇದ್ದೇ ಇರುತ್ತದೆ! ಇದು ವೈದ್ಯರಿಗೆ ಬಹುಕಾಲ ಒಗಟಾಗಿತ್ತು. ಇದನ್ನು ತಿಳಿಯುವುದಕ್ಕೆ ನಮ್ಮ ಹಳ್ಳಿಗಳಲ್ಲಿದ್ದ ಹಗೇವನ್ನು ನೆನೆದುಕೊಳ್ಳೋಣ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ, ಮೇಲೆ ಮಣ್ಣು ಮುಚ್ಚಿಬಿಟ್ಟರೆ ಕೊಳ್ಳೆಗಾರರಿಗೆ ಅದು ಕಾಣುತ್ತಿರಲಿಲ್ಲ. ನಮ್ಮ ಶರೀರವೂ ಹೀಗೆಯೇ ಮಾಡುತ್ತದೆ. ರೋಗಾಣುಗಳು ಬೆಳೆಯಬೇಕಾದರೆ ಅವಕ್ಕೂ ಕಬ್ಬಿಣ ಬೇಕು. ಆದುದರಿಂದ ಅವು ನುಗ್ಗಿದೊಡನೆ ಶರೀರವು ತನ್ನ ಕಬ್ಬಿಣವನ್ನು ಜೀವಕೋಶಗಳ ಒಳಗೆ ಮುಚ್ಚಿಡುತ್ತದೆ. ಚಪ್ಪಡಿ ಹಾಕುವ ಕೆಲಸ ಹೆಪ್ಸಿಡಿನ್ ಎಂಬ ಪುಟ್ಟ ರಸದ್ದು. ಯಕೃತ್ತಿನಲ್ಲಿ ಹುಟ್ಟುವ ಇದನ್ನು ೨೦೦೦–೨೦೦೧ರ ಸುಮಾರಿನಲ್ಲಿ ಕಂಡುಹಿಡಿದರು. ಕಬ್ಬಿಣವು ಕೋಶದಿಂದ ರಕ್ತಕ್ಕೆ ಹೊರಬರುವ ಬಾಗಿಲನ್ನೇ ಇದು ಇಲ್ಲವಾಗಿಸುತ್ತದೆಯೆಂಬುದು ೨೦೦೪ರಲ್ಲಿ ಸ್ಪಷ್ಟವಾಯಿತು. ಕರುಳಿನಲ್ಲಿಯೂ ಅಂಥದೇ ಬಾಗಿಲಿರುವುದರಿಂದ ನುಂಗಿದ ಮಾತ್ರೆಯ ಕಬ್ಬಿಣವೂ ಒಳಗೆ ಸರಿಯಾಗಿ ಸೇರುವುದಿಲ್ಲ.

ನಾಲ್ಕು ದಿನದ ಜ್ವರಕ್ಕೆ ಈ ಉಪಾಯ ಒಳ್ಳೆಯದು. ಕೊಳ್ಳೆಗಾರರು ಹೋದಮೇಲೆ ಹಗೇವನ್ನು ತೆರೆಯಬಹುದು. ಆದರೆ ಉರಿಯೂತವು ವರ್ಷಗಟ್ಟಲೆ ನಿಂತರೆ ಚಪ್ಪಡಿ ತೆರೆಯುವುದೇ ಇಲ್ಲ; ಕಾಲಕೆಳಗೆ ಧಾನ್ಯವಿದ್ದೂ ಮನೆಯವರು ಉಪವಾಸ ಬೀಳುತ್ತಾರೆ. ಇಂಥ ರಕ್ತಹೀನತೆಗೆ ಮುಖ್ಯ ಚಿಕಿತ್ಸೆಯೆಂದರೆ ಮೂಲರೋಗದ ಚಿಕಿತ್ಸೆಯೇ. ಇನ್ನೊಂದು ತೊಡಕೂ ಇದೆ. ಸಂಗ್ರಹದ ಅಳತೆಗೆ ಫೆರಿಟಿನ್ ಎಂಬ ಪರೀಕ್ಷೆಯನ್ನು ಮಾಡುತ್ತಾರೆ. ಉರಿಯೂತವಿದ್ದಾಗ ಈ ಅಂಕಿ ತಾನಾಗಿ ಮೇಲೇರುತ್ತದೆ. ಆದುದರಿಂದ ಸಂಧಿವಾತದ ಮುದುಕರಲ್ಲಿ ಫೆರಿಟಿನ್ ಸಾಧಾರಣವಾಗಿ ಕಂಡರೂ ನಿಜವಾಗಿ ಕಬ್ಬಿಣವು ಬರಿದಾಗಿರಬಹುದು. ಕಾಗದದ ಮೇಲಿನ ಅಂಕಿಯನ್ನು ರೋಗಿಯೊಡನೆ ಇಟ್ಟು ಓದಬಲ್ಲ ವೈದ್ಯರು ಅದಕ್ಕಾಗಿಯೇ ಬೇಕು.

ಮೂತ್ರಪಿಂಡದ ರೋಗದಲ್ಲಿ ಕಾರಣ ಬೇರೆ. ರಕ್ತಕಣಗಳನ್ನು ತಯಾರಿಸೆಂದು ಮಜ್ಜೆಗೆ ಅಪ್ಪಣೆ ಕಳುಹಿಸುವುದು ಮೂತ್ರಪಿಂಡದಲ್ಲಿ ಹುಟ್ಟುವ ಎರಿತ್ರೊಪೊಯಿಟಿನ್ ಎಂಬ ರಸ. ಮಧುಮೇಹ, ರಕ್ತದೊತ್ತಡಗಳಿಂದ ಮೂತ್ರಪಿಂಡವು ಸವೆದಂತೆಲ್ಲ ಈ ಅಪ್ಪಣೆ ಕ್ಷೀಣಿಸುತ್ತದೆ. ಇದನ್ನು ಶುದ್ಧವಾಗಿ ಪಡೆದ ಸಾಹಸ ಕೇಳತಕ್ಕದ್ದು. ಜಪಾನಿನ ಕುಮಾಮೊಟೊದಲ್ಲಿ ಮಿಯಾಕೆ ಎಂಬ ವಿಜ್ಞಾನಿಯು ಮಜ್ಜೆ ಬತ್ತಿದ ರೋಗಿಗಳ ಮೂತ್ರವನ್ನು ೨,೫೫೦ ಲೀಟರಿನಷ್ಟು ಕೂಡಿಹಾಕಿ, ಒಣಗಿಸಿ, ಅಮೆರಿಕಕ್ಕೆ ಒಯ್ದರು. ಅದರಿಂದ ಶಿಕಾಗೋದ ಗೋಲ್ಡ್‌ವಾಸರ್ ಅವರೂ ಅವರ ಸಂಗಡಿಗರೂ ೧೯೭೭ರಲ್ಲಿ ಕೆಲವೇ ಮಿಲಿಗ್ರಾಂ ಶುದ್ಧ ರಸವನ್ನು ಪಡೆದರು. ೧೯೮೯ರಲ್ಲಿ ಅಮೆರಿಕದಲ್ಲಿ ಅದು ಔಷಧವಾಗಿ ಬಳಕೆಗೆ ಬಂದಿತು. ರಕ್ತಕ್ಕಾಗಿ ಪದೇ ಪದೇ ಪರರ ರಕ್ತವನ್ನೇ ನಂಬಿದ್ದ ರೋಗಿಗಳಿಗೆ ಅದೊಂದು ವರವಾಯಿತು. ಆದರೆ ಹಿಮೋಗ್ಲೋಬಿನ್ನನ್ನು ಆರೋಗ್ಯವಂತರ ಮಟ್ಟಕ್ಕೇ ಏರಿಸಿಬಿಡೋಣವೆಂದು ಹೊರಟಾಗ ೨೦೦೬ ಮತ್ತು ೨೦೦೯ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ಎಚ್ಚರಿಕೆ ಕೊಟ್ಟವು: ಹೆಚ್ಚು ಏರಿಸಿದವರಲ್ಲಿ ಹೃದಯದ ತೊಂದರೆ, ಪಾರ್ಶ್ವವಾಯು ಮುಂತಾದ ಅಪಾಯಗಳು ಹೆಚ್ಚಿದವು. ಅಂಕಿಯನ್ನು ಸರಿಪಡಿಸುವುದೇ ರೋಗಿಯನ್ನು ಸರಿಪಡಿಸುವುದೆಂದು ಭಾವಿಸಬಾರದು.

ಮೂರನೆಯ ಪಾಲು ಕಾರಣ ತಿಳಿಯದ ರಕ್ತಹೀನತೆ. ಇವರಲ್ಲಿ ಕೆಲವರಿಗೆ ಮಜ್ಜೆಯಲ್ಲಿಯೇ ಮೆಲ್ಲಗೆ ಬೆಳೆಯುವ ರೋಗವಿರುತ್ತದೆ. ಉಳಿದವರಲ್ಲಿ ಮೂತ್ರಪಿಂಡದ ಅಲ್ಪ ದೌರ್ಬಲ್ಯ, ಮಂದವಾದ ಉರಿಯೂತ, ಮಜ್ಜೆಯ ಮುಪ್ಪು ಇವೆಲ್ಲ ಸ್ವಲ್ಪ ಸ್ವಲ್ಪ ಸೇರಿರಬಹುದು. ಇವರಲ್ಲಿ ವಯಸ್ಸಿಗೂ ಒಂದು ಪಾತ್ರವಿರಬಹುದೆಂದು ಒಪ್ಪೋಣ. ಆದರೆ ಹುಡುಕಿ ನೋಡಿ ಕಾರಣ ಸಿಕ್ಕಲಿಲ್ಲವೆನ್ನುವುದು ಒಂದು; ಹುಡುಕದೆಯೇ ವಯಸ್ಸೆನ್ನುವುದು ಇನ್ನೊಂದು.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲನೆಯದು, ಬದಲಾವಣೆಯನ್ನು ಗಮನಿಸುವುದು. ಹಿರಿಯರು ದೂರು ಹೇಳುವುದು ಕಡಮೆ. ಶಕ್ತಿ ಕುಂದಿದಂತೆ ಅವರು ತಮ್ಮ ಕೆಲಸವನ್ನೇ ಕುಂದಿಸಿಕೊಂಡು ಹೊಂದಿಕೊಂಡುಬಿಡುತ್ತಾರೆ. ಹೋದ ದೀಪಾವಳಿಯಲ್ಲಿ ದೇವಸ್ಥಾನಕ್ಕೆ ನಡೆದುಹೋಗುತ್ತಿದ್ದವರು ಈಗ ಬೀದಿಯ ತಿರುವಿಗೇ ಹಿಂದಿರುಗುತ್ತಿದ್ದರೆ ಕೇಳಬೇಕು. ಕೆಳಗಿನ ರೆಪ್ಪೆಯ ಒಳಭಾಗ, ನಾಲಗೆ, ಉಗುರು ಬಿಳಿಚಿವೆಯೆ ಎಂದು ನೋಡಬೇಕು. ಆದರೆ ಕಣ್ಣಳತೆಯನ್ನೇ ನಂಬಬಾರದು. ರಕ್ತಹೀನತೆಯಿರುವ ಮುದುಕರು ಎಡವಿ ಬೀಳುವುದು ಹೆಚ್ಚು. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಮಲಗಿದವರು ಮತ್ತೆ ಏಳದಿರುವುದನ್ನು ಎಲ್ಲರೂ ಕಂಡಿದ್ದೇವೆ. ಮೊದಲೇ ದುರ್ಬಲವಾದ ಹೃದಯಕ್ಕೂ ತೆಳುವಾದ ರಕ್ತವನ್ನು ವೇಗವಾಗಿ ಓಡಿಸುವ ಹೊರೆ ಬೀಳುತ್ತದೆ.

ಎರಡನೆಯದು, ಪರೀಕ್ಷೆ. ರಕ್ತಕಣಗಳ ಸಂಪೂರ್ಣ ಗಣನೆಯು ದುಬಾರಿಯಾದುದಲ್ಲ. ಅದರಲ್ಲಿ ಹಿಮೋಗ್ಲೋಬಿನ್ ಮಾತ್ರವಲ್ಲದೆ ಕಣದ ಗಾತ್ರವೂ ತಿಳಿಯುತ್ತದೆ. ಕಬ್ಬಿಣದ ಕೊರತೆಯಲ್ಲಿ ಕಣಗಳು ಚಿಕ್ಕವಾಗುತ್ತವೆ; ಬಿ-೧೨ ಅಥವಾ ಫೋಲಿಕ್ ಆಮ್ಲದ ಕೊರತೆಯಲ್ಲಿ ದೊಡ್ಡವಾಗುತ್ತವೆ; ದೀರ್ಘರೋಗದಲ್ಲಿ ಸಾಮಾನ್ಯವಾಗಿ ಸಾಧಾರಣ ಗಾತ್ರದವೇ ಇರುತ್ತವೆ. ಮುದುಕರಲ್ಲಿ ಎರಡು ಕೊರತೆಗಳೂ ಕೂಡಿದ್ದರೆ ಒಂದು ಇನ್ನೊಂದನ್ನು ಮರೆಸಿ ಸರಾಸರಿ ಗಾತ್ರ ಸರಿಯಾಗಿಯೇ ಕಾಣಬಹುದು. ಆದುದರಿಂದ ಫೆರಿಟಿನ್, ಬಿ-೧೨, ಮೂತ್ರಪಿಂಡದ ಪರೀಕ್ಷೆ, ಮಲದಲ್ಲಿ ರಕ್ತದ ಪರೀಕ್ಷೆ ಇವುಗಳಲ್ಲಿ ಯಾವುದು ಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ.

ಮೂರನೆಯದು, ಔಷಧಗಳ ಪಟ್ಟಿ. ವೈದ್ಯರಲ್ಲಿಗೆ ಹೋಗುವಾಗ ಹಿರಿಯರು ಸೇವಿಸುವ ಮಾತ್ರೆ, ಚೂರ್ಣ, ಲೇಹ್ಯಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಮೇಲು. ಆಸ್ಪಿರಿನ್ನಿನಿಂದ ರಕ್ತಸ್ರಾವವಾಗಬಹುದೆಂದು ಕೇಳಿದೊಡನೆ ಅದನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ. ಕಬ್ಬಿಣದ ಮಾತ್ರೆಯಿಂದ ಮಲವು ಕಪ್ಪಾಗುತ್ತದೆ. ಜಠರದಲ್ಲಿ ರಕ್ತಸ್ರಾವವಾದಾಗಲೂ ಮಲವು ಕಪ್ಪಾಗಿ, ಟಾರಿನಂತೆ ಅಂಟಾಗುತ್ತದೆ. ವೈದ್ಯರಿಗೆ ತಿಳಿಸದೆ ಮಾತ್ರೆ ನುಂಗಿದರೆ ಆ ಎಚ್ಚರಿಕೆಯ ಗುರುತೂ ಅಳಿಸಿಹೋಗುತ್ತದೆ.

ಆಹಾರವನ್ನು ಕಡೆಯಲ್ಲಿ ಹೇಳುತ್ತಿರುವುದು ಅದು ಅಲ್ಪವೆಂದಲ್ಲ. ಹಲ್ಲಿಲ್ಲದವರು ಅಗಿಯಲಾರದೆ ಸೊಪ್ಪು, ಕಾಳುಗಳನ್ನು ಬಿಟ್ಟು ಗಂಜಿ, ರಸ್ಕು, ಕಾಫಿಗಳಲ್ಲಿ ದಿನ ಕಳೆಯುವುದುಂಟು. ಬೇಯಿಸಿ ಮೆದುಮಾಡಿದ ಹುರುಳಿ, ಹೆಸರುಕಾಳು, ಮಸೆದ ಸೊಪ್ಪು ಇವನ್ನು ಕೊಡಬೇಕು. ಊಟದೊಡನೆ ನಿಂಬೆಯ ರಸ ಅಥವಾ ನೆಲ್ಲಿಕಾಯಿ ಸೇರಿದರೆ ಸಸ್ಯಾಹಾರದ ಕಬ್ಬಿಣ ಹೆಚ್ಚಾಗಿ ಒಳಗೆ ಸೇರುತ್ತದೆ. ಊಟದ ಜೊತೆಗೇ ಕಾಫಿ, ಚಹ ಕುಡಿದರೆ ಕಡಮೆಯಾಗುತ್ತದೆ. ಆದುದರಿಂದ ಇವುಗಳ ನಡುವೆ ಒಂದು ಗಂಟೆಯ ಅಂತರವಿರಲಿ. ರಾಗಿ, ಕಾಳುಗಳನ್ನು ಮೊಳಕೆ ಬರಿಸಿ ಉಪಯೋಗಿಸುವ ನಮ್ಮ ಹಳೆಯ ಪದ್ಧತಿಯೂ ಈ ದೃಷ್ಟಿಯಿಂದ ಒಳ್ಳೆಯದೇ. ಆದರೆ ಆಹಾರವು ಸೋರುವ ಪಾತ್ರೆಯನ್ನು ತುಂಬಲಾರದು, ಮುಚ್ಚಿದ ಹಗೇವನ್ನು ತೆರೆಯಲಾರದು ಎಂಬುದನ್ನೂ ಮರೆಯಬಾರದು.

ದೀರ್ಘಾಯುಸ್ಸನ್ನು ಹಾರೈಸುವುದು ನಮ್ಮ ಸಂಪ್ರದಾಯ. ಹಾರೈಕೆ ಫಲಿಸಿ ಹಿರಿಯರು ನಮ್ಮ ನಡುವೆ ಉಳಿದಿರುವಾಗ, ಅವರ ಬಳಲಿಕೆಗೆ ಕಾರಣವನ್ನು ಕೇಳುವಷ್ಟು ಶ್ರಮವನ್ನು ನಾವು ತೆಗೆದುಕೊಳ್ಳಬೇಕು. ಎಲ್ಲ ಕಾರಣಗಳಿಗೂ ಮದ್ದಿಲ್ಲ. ಆದರೆ ಕೆಲವಕ್ಕೆ ಒಂದು ಚುಚ್ಚುಮದ್ದು ಸಾಕು, ಕೆಲವಕ್ಕೆ ಒಂದು ಮಾತ್ರೆಯನ್ನು ಬದಲಿಸಿದರೆ ಸಾಕು, ಕೆಲವನ್ನು ಸಕಾಲದಲ್ಲಿ ಕಂಡುಕೊಂಡರೆ ಪ್ರಾಣವೇ ಉಳಿಯುತ್ತದೆ. ಅವುಗಳಲ್ಲಿ ಯಾವುದೆಂಬುದು ಕೇಳಿದ ಹೊರತು ತಿಳಿಯುವುದಿಲ್ಲ.